ಬಾಲದ ಒಂದು ಗ್ರಾಂ, ಮೂತಿಯ ಮೂರು ಗ್ರಾಂ

ಪೈಪರ್ ಜೆ-3 ಕಬ್ ವಿಮಾನದ ಕಾಲುಭಾಗ ಅಳತೆಯ ರೇಡಿಯೋ ಕಂಟ್ರೋಲ್ ಮಾದರಿಯೊಂದನ್ನು ಮರದಲ್ಲಿ ಕಟ್ಟಿ ಮುಗಿಸಿದ್ದೇನೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 2.68 ಮೀಟರ್. ಮೂತಿಯಿಂದ ಬಾಲಕ್ಕೆ 1.71 ಮೀಟರ್. ಪೆಟ್ರೋಲ್ ಬಿಟ್ಟು ತೂಕ 7.9 ಕೆ.ಜಿ. ಒಟ್ಟು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಒಂದೂವರೆ ತಿಂಗಳು, ಮಾಡಿದ್ದನ್ನೇ ಬಿಚ್ಚಿ ಮತ್ತೆ ಮಾಡುವುದರಲ್ಲಿ ಹೋಯಿತು. ಆ ಒಂದೂವರೆ ತಿಂಗಳ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ. ಕಲಿತದ್ದೆಲ್ಲ ಆಗಲೇ.

ಕಬ್ ಯಾಕೆ ಅಂದರೆ, ಅದರ ರೆಕ್ಕೆ ಬುಡದಿಂದ ತುದಿಯವರೆಗೆ ಒಂದೇ ಅಗಲ. ಹಾಗಾಗಿ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು, ಅಂದರೆ ರಿಬ್‌ಗಳೆಲ್ಲ ಒಂದೇ ಆಕಾರ. ಕೆಳಭಾಗ ಬಹುತೇಕ ಚಪ್ಪಟೆ, ಮೇಜಿನ ಮೇಲೆ ಇಟ್ಟು ಕಟ್ಟಬಹುದು. ದೊಡ್ಡ ವಿಮಾನವನ್ನು ಮೊದಲ ಸಲ ಕಟ್ಟುವವರಿಗೆ ಇಷ್ಟು ಅನುಕೂಲ ಸಾಕು. ಇನ್ನೊಂದು ಕಾರಣ ಮನಸ್ಸಿನದು. 1938ರಿಂದ 1947ರವರೆಗೆ ತಯಾರಾದ ಆ ಹಳದಿ ವಿಮಾನದಲ್ಲಿ ಕೂತು ಎಷ್ಟೋ ಸಾವಿರ ಜನ ಹಾರುವುದನ್ನು ಕಲಿತರು. ಅದರ ಮೇಲೆ ನನಗೆ ಚಿಕ್ಕಂದಿನಿಂದ ಪ್ರೀತಿ.

ಮರ ಮುಟ್ಟುವ ಮೊದಲು ಒಂದು ಲೆಕ್ಕ ಮಾಡಿಕೊಂಡೆ. ಅಳತೆ ಕಾಲುಭಾಗ ಆದರೆ ರೆಕ್ಕೆಯ ವಿಸ್ತೀರ್ಣ 16ರಲ್ಲಿ ಒಂದು ಪಾಲು ಆಗುತ್ತದೆ. ತೂಕ ಮಾತ್ರ 64ರಲ್ಲಿ ಒಂದು ಪಾಲು ಆಗಬೇಕು. ನಿಜವಾದ ಕಬ್ ತುಂಬಿದಾಗ ಇರಬಹುದಾದ ಗರಿಷ್ಠ ತೂಕ 553 ಕೆ.ಜಿ. 64ರಿಂದ ಭಾಗಿಸಿದರೆ 8.6 ಕೆ.ಜಿ. ನನ್ನ ಮಿತಿ 8 ಕೆ.ಜಿ. ಎಂದು ಗೋಡೆಯ ಮೇಲೆ ಬರೆದು ಅಂಟಿಸಿದೆ. ಅಡುಗೆಗೆ ಬಳಸುವಂಥ ಒಂದು ಡಿಜಿಟಲ್ ತಕ್ಕಡಿ ತಂದು ಮೇಜಿನ ಮೂಲೆಯಲ್ಲಿ ಇಟ್ಟೆ. ಅಂಟಿಸುವ ಮೊದಲು ಪ್ರತಿ ತುಂಡನ್ನೂ ತೂಗಿ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಅಂದಿನಿಂದ ಶುರುವಾಯಿತು. ಗರಗಸಕ್ಕಿಂತ ಆ ತಕ್ಕಡಿಯೇ ನನಗೆ ಜಾಸ್ತಿ ಕೆಲಸ ಮಾಡಿಕೊಟ್ಟಿತು.

ಮಾದರಿ ವಿಮಾನಕ್ಕೆ ಬಳಸುವ ಹಗುರ ಬಾಲ್ಸಾ ಒಂದೇ ಮರ, ಆದರೆ ಒಂದೊಂದು ಹಲಗೆ ಒಂದೊಂದು ಥರ. 915 ಮಿ.ಮೀ. ಉದ್ದ, 100 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಹಾಳೆಗಳನ್ನು ಒಂದೊಂದಾಗಿ ತೂಗಿದೆ. ಹಗುರದ್ದು 27 ಗ್ರಾಂ, ಭಾರದ್ದು 55 ಗ್ರಾಂ. ಒಂದೇ ಕಟ್ಟಿನಲ್ಲಿ ಎರಡು ಪಟ್ಟು ವ್ಯತ್ಯಾಸ! ಮೂರು ಗುಂಪು ಮಾಡಿದೆ. ಹಗುರದ್ದು ಬಾಲಕ್ಕೆ, ನಡುವಿನದು ರಿಬ್‌ಗಳಿಗೆ, ಭಾರದ್ದು ಮೂತಿಯ ಹತ್ತಿರದ ಕೆಲಸಕ್ಕೆ. ತೂಕದ ಜೊತೆ ಎಳೆಯನ್ನೂ ನೋಡಬೇಕು. ಕೆಲವು ಹಾಳೆಗಳ ಮೇಲೆ ಮೀನಿನ ಹುರುಪೆಯಂಥ ಮಿನುಗುವ ಚುಕ್ಕೆಗಳು ಇರುತ್ತವೆ. ಅವು ಅಗಲದ ಕಡೆ ಬಾಗುವುದಿಲ್ಲ, ಬಗ್ಗಿಸಿದರೆ ಸೀಳುತ್ತವೆ. ರಿಬ್‌ಗೆ ಅಂಥದ್ದೇ ಬೇಕು. ಉದ್ದಕ್ಕೆ ನೇರ ಗೆರೆಗಳಿರುವ ಹಾಳೆ ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ರೆಕ್ಕೆಯ ಮುಂದಿನ ಅಂಚಿಗೆ ಹೊದಿಸಲು ಅದು.

ಕಟ್ಟುವ ಮೇಜಿಗೆ ಒಂದು ಹೊಸ ಫ್ಲಶ್ ಡೋರ್ ಬಳಸಿದೆ. ಕರ್ಣದಲ್ಲಿ ದಾರ ಎಳೆದು ನೋಡಿದರೆ ಎಲ್ಲೂ ಒಂದು ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಇರಲಿಲ್ಲ. ಬಾಗಿಲಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಮೇಣದ ಹಾಳೆ, ಅದರ ಮೇಲೆ ಮರ. ಗುಂಡುಸೂಜಿ ಚುಚ್ಚಲು ನಡುವೆ ಒಂದು ಮೆದು ಹಲಗೆ.

ರಿಬ್‌ಗಳು ಒಟ್ಟು 28. ಪ್ಲೈವುಡ್‌ನಲ್ಲಿ ಎರಡು ಅಚ್ಚು ಮಾಡಿ, ನಡುವೆ ಹದಿನಾಲ್ಕು ಹದಿನಾಲ್ಕು ಬಾಲ್ಸಾ ತುಂಡುಗಳನ್ನು ಜೋಡಿಸಿ, ಎರಡು ಬೋಲ್ಟ್ ಬಿಗಿದು, ಒಟ್ಟಿಗೇ ಉಜ್ಜಿದೆ. ಎರಡು ಸಂಜೆಯಲ್ಲಿ ಮುಗಿಯಿತು. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲೇಬೇಕು. ಬಾಲ್ಸಾ ಪುಡಿ ಹಿಟ್ಟಿನ ಹಾಗೆ ಗಾಳಿಯಲ್ಲೇ ನಿಂತಿರುತ್ತದೆ.

ರೆಕ್ಕೆಯ ಬೆನ್ನೆಲುಬು ಸ್ಪಾರ್. ಮೇಲೊಂದು, ಕೆಳಗೊಂದು ಸ್ಪ್ರೂಸ್ ಮರದ ಪಟ್ಟಿ. ಹಾರುವಾಗ ಮೇಲಿನದು ಒತ್ತಡದಲ್ಲಿ, ಕೆಳಗಿನದು ಎಳೆತದಲ್ಲಿ ಇರುತ್ತದೆ. ಇವೆರಡರ ನಡುವೆ, ರಿಬ್‌ನಿಂದ ರಿಬ್‌ಗೆ ಬಾಲ್ಸಾ ತುಂಡುಗಳನ್ನು ಅಂಟಿಸಬೇಕು. ಆ ತುಂಡಿನ ಎಳೆ ನಿಂತಿರಬೇಕು, ಮಲಗಿರಬಾರದು. ಮಲಗಿದ್ದರೆ ಪಟ್ಟಿಗಳು ಹತ್ತಿರ ಬರುವ ಬಲಕ್ಕೆ ತುಂಡು ಜಜ್ಜಿಹೋಗುತ್ತದೆ. ಇದನ್ನು ಎಲ್ಲ ನಕ್ಷೆಗಳೂ ಬರೆದಿರುತ್ತವೆ. ಆದರೂ ಹಾಳೆ ಉಳಿಸುವ ಆಸೆಗೆ ಅಡ್ಡ ಕತ್ತರಿಸಲು ಕೈ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಬಿಳಿ ಗೋಂದನ್ನೇ ಬಳಸಿದೆ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ತಪ್ಪಿದರೆ ತಿದ್ದಲು ಸಮಯವೇ ಕೊಡುವುದಿಲ್ಲ. ಒಣಗಿದ ಮೇಲೆ ಉಜ್ಜಲು ಗಟ್ಟಿ ಬೇರೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಕಬ್ ರೆಕ್ಕೆಯ ತುದಿಗೆ ಸ್ವಲ್ಪ ತಿರುಚು ಕೊಡಬೇಕು. ತುದಿಯಲ್ಲಿ ಹಿಂದಿನ ಅಂಚು ಬುಡಕ್ಕಿಂತ ಎರಡು ಡಿಗ್ರಿ ಮೇಲಿರಬೇಕು. ವೇಗ ಕಡಿಮೆಯಾದಾಗ ಗಾಳಿಯ ಹಿಡಿತ ರೆಕ್ಕೆಯ ಬುಡದಲ್ಲಿ ಮೊದಲು ತಪ್ಪಬೇಕು, ತುದಿಯಲ್ಲಿ ಆಮೇಲೆ. ತುದಿಯಲ್ಲಿ ಮೊದಲು ತಪ್ಪಿದರೆ ಆ ಕಡೆಯ ರೆಕ್ಕೆ ತಟ್ಟನೆ ಕುಸಿದು ವಿಮಾನ ಸುತ್ತುತ್ತಾ ಬೀಳುತ್ತದೆ. ನನ್ನ ರೆಕ್ಕೆಯ ಅಗಲ 400 ಮಿ.ಮೀ. ಎರಡು ಡಿಗ್ರಿ ಎಂದರೆ ಹಿಂದಿನ ಅಂಚಿನ ಕೆಳಗೆ 14 ಮಿ.ಮೀ. ಬೆಣೆ. ಬುಡದಿಂದ ತುದಿಯ ಕಡೆಗೆ ಏರುತ್ತಾ ಹೋಗುವ ಹಾಗೆ ಉದ್ದನೆಯ ಬೆಣೆ ಮಾಡಿ ಇಟ್ಟು, ಎರಡೂ ರೆಕ್ಕೆ ಕಟ್ಟಿದೆ.

ರೆಕ್ಕೆಯ ಮುಂಭಾಗಕ್ಕೆ ಮೇಲಿನ ಬಾಲ್ಸಾ ಹೊದಿಕೆ ಅಂಟಿಸುವಾಗ ಎಲ್ಲ ಸರಿಯಿತ್ತು. ಕೆಳಗಿನ ಹೊದಿಕೆಗೆ ರೆಕ್ಕೆಯನ್ನು ಮಗುಚಿ ತೊಟ್ಟಿಲಿನಂಥ ಆಸರೆಗಳಲ್ಲಿ ಇಡಬೇಕು. ರಿಬ್ ಕತ್ತರಿಸಿ ಉಳಿದ ಚೂರುಗಳಲ್ಲೇ ಆ ಆಸರೆ ಮಾಡಿದ್ದೆ. ತುದಿಯ ಆಸರೆಯೂ ಅದೇ ಎರಡು ಡಿಗ್ರಿ ಓರೆಯಾಗಿರಬೇಕು. ಎಡ ರೆಕ್ಕೆಗೆ ಇಟ್ಟೆ. ಬಲ ರೆಕ್ಕೆಗೆ ಮರೆತೆ. ರಾತ್ರಿ ಹನ್ನೊಂದು ದಾಟಿತ್ತು, ಇದೊಂದು ಮುಗಿಸಿ ಮಲಗೋಣ ಎಂದು ಅಂಟಿಸಿಬಿಟ್ಟೆ.

ಗೊತ್ತಾದದ್ದು ಮೂರು ವಾರ ಆದಮೇಲೆ. ಎರಡೂ ರೆಕ್ಕೆಗಳನ್ನು ಅಲ್ಯೂಮಿನಿಯಂ ಕೊಳವೆಗೆ ಸಿಕ್ಕಿಸಿ ನಡುಮನೆಯಲ್ಲಿ ಇಟ್ಟಿದ್ದೆ. ತಮ್ಮ ಹಿಂದಿನಿಂದ ನೋಡಿ, "ಅಣ್ಣ, ಬಲಗಡೆ ತುದಿ ಸ್ವಲ್ಪ ಬೇರೆ ಥರ ಇದೆ ಅಲ್ವಾ?" ಎಂದ. ನನ್ನ ಕಣ್ಣಿಗೆ ಕಂಡಿರಲಿಲ್ಲ. ಅವನ ಮಾತಿಗೆ ಪರೀಕ್ಷೆ ಮಾಡಿದೆ. ಬುಡದ ರಿಬ್‌ನ ಅಡಿಗೆ ಒಂದು ನೇರ ಕಡ್ಡಿ, ತುದಿಯ ರಿಬ್‌ನ ಅಡಿಗೆ ಇನ್ನೊಂದು. ತುದಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಎರಡು ಕಡ್ಡಿಗಳ ನಡುವಿನ ಓರೆ ಕಾಣುತ್ತದೆ. ಎಡದಲ್ಲಿ 14 ಮಿ.ಮೀ. ಬಲದಲ್ಲಿ 6.

ಹೊದಿಕೆ ಬಟ್ಟೆಯನ್ನು ಬಿಸಿ ಮಾಡಿ ಎಳೆದು ತಿರುಚು ಕೊಡಬಹುದು ಎಂದು ಕೆಲವರು ಹೇಳುತ್ತಾರೆ. ಸಣ್ಣ, ತೆರೆದ ರೆಕ್ಕೆಯಲ್ಲಿ ಅದು ನಡೆಯುತ್ತದೆ. ಮುಂಭಾಗ ಪೆಟ್ಟಿಗೆಯಂತೆ ಮುಚ್ಚಿದ ರೆಕ್ಕೆಯಲ್ಲಿ ನಡೆಯುವುದಿಲ್ಲ. ಮುಚ್ಚಳ ತೆಗೆದ ಚಪ್ಪಲಿ ಡಬ್ಬಿಯನ್ನು ಕೈಯಲ್ಲಿ ತಿರುಚಿ ನೋಡಿ, ಸುಲಭವಾಗಿ ತಿರುಗುತ್ತದೆ. ಮುಚ್ಚಳ ಅಂಟಿಸಿ ತಿರುಚಿ, ಜಗ್ಗುವುದಿಲ್ಲ. ಕೆಳಗಿನ ಹೊದಿಕೆ ಅಂಟಿಸಿದ ಆ ರಾತ್ರಿಯೇ ನನ್ನ ರೆಕ್ಕೆಗೆ ಮುಚ್ಚಳ ಬಿದ್ದಿತ್ತು. ಬಟ್ಟೆ ಎಳೆದು ಹೇಗೋ ತಂದರೂ ಬಿಸಿಲಿಗೆ ನಿಂತಾಗ ಅದು ಸಡಿಲಾಗಿ ರೆಕ್ಕೆ ಹಳೆಯ ಜಾಗಕ್ಕೆ ಹೋಗುತ್ತದೆ.

ಹಾಗಾಗಿ ಮುಚ್ಚಳವನ್ನೇ ತೆಗೆದೆ. ಕೆಳಗಿನ ಹೊದಿಕೆಯನ್ನು ಸ್ಪಾರ್‌ನ ಉದ್ದಕ್ಕೂ ಹೊಸ ಬ್ಲೇಡಿನಿಂದ ಸೀಳಿದೆ. ಬ್ಲೇಡು ಸ್ಪ್ರೂಸ್‌ಗೆ ತಾಗದ ಹಾಗೆ, ಅದರಿಂದ ಎರಡು ಮಿ.ಮೀ. ಮುಂದೆ. ಪ್ರತಿ ರಿಬ್‌ನ ಬಳಿಯೂ ತೆಳುವಾದ ಚಾಕು ತೂರಿಸಿ ಅಂಟು ಬಿಡಿಸಿದೆ. ಕೊನೆಯ ರಿಬ್ ಬಿಟ್ಟ ಕ್ಷಣ ರೆಕ್ಕೆ ಟಕ್ ಎಂದು ಸದ್ದು ಮಾಡಿ ತಾನೇ ಸ್ವಲ್ಪ ತಿರುಗಿತು. ಅಲ್ಲಿಯವರೆಗೆ ನನಗೆ ಭಯವಿತ್ತು, ಆ ಸದ್ದು ಕೇಳಿದ ಮೇಲೆ ಧೈರ್ಯ ಬಂತು. ಸರಿಯಾದ ಆಸರೆ ಇಟ್ಟು, ಮೇಲೆ ಮರಳಿನ ಚೀಲ ಹೇರಿ, ಕಡ್ಡಿ ಇಟ್ಟು ನೋಡಿ, ಮತ್ತೆ ನೋಡಿ, ಆಮೇಲೆ ಅಂಟಿಸಿದೆ. ಸೀಳಿದ ಜಾಗದಲ್ಲಿ ಒಳಗಿನಿಂದ ತೆಳು ಪಟ್ಟಿ ಕೊಟ್ಟೆ. ಒಂದು ದಿನ ಪೂರ್ತಿ ಮುಟ್ಟಲಿಲ್ಲ. ಈಗ ಎರಡೂ ಕಡೆ 14. ಹೆಚ್ಚಾದ ತೂಕ 6 ಗ್ರಾಂ. ಎಡ ರೆಕ್ಕೆಯ ತುದಿಯೊಳಗೆ ಅಷ್ಟೇ ತೂಕದ ಮರದ ತುಂಡು ಅಂಟಿಸಿದೆ.

ಒಡಲಿನ ಕೆಲಸ ಬೇಗ ಆಯಿತು. ಮುಂಭಾಗಕ್ಕೆ 3 ಮಿ.ಮೀ. ಪ್ಲೈವುಡ್, ಹಿಂದೆ ಕಡ್ಡಿಗಳ ತ್ರಿಕೋನಗಳು. ಒಂದು ಬದಿಯ ಮೇಲೆಯೇ ಇನ್ನೊಂದು ಬದಿಯನ್ನು ಕಟ್ಟಿದರೆ ಎರಡೂ ತದ್ರೂಪು ಬರುತ್ತವೆ. ಜೋಡಿಸುವಾಗ ನಡುವೆ ದಾರ ಕಟ್ಟಿಕೊಂಡು ಎರಡೂ ಕಡೆ ಅಳೆಯುತ್ತಾ ಹೋದೆ. ಇಂಜಿನ್ ಕೂರುವ ಫೈರ್‌ವಾಲ್ 6 ಮಿ.ಮೀ. ಬರ್ಚ್ ಪ್ಲೈ. ಅದಕ್ಕೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು, ಹಿಂದೆ ಮೂಲೆಗಳಿಗೆ ತ್ರಿಕೋನ ಪಟ್ಟಿ, ಬದಿಯಿಂದ ಮರದ ಮೊಳೆ. ಐದು ನಿಮಿಷದ ಎಪಾಕ್ಸಿಯನ್ನು ಇಲ್ಲಿ ನಂಬಬಾರದು. ಇಂಜಿನ್ ಎರಡು ಡಿಗ್ರಿ ಬಲಕ್ಕೆ, ಮೂರು ಡಿಗ್ರಿ ಕೆಳಕ್ಕೆ ನೋಡುವ ಹಾಗೆ ಕೂರಿಸಿದೆ. ಕೆಳಗೆ ಚಪ್ಪಟೆಯಿರುವ ದಪ್ಪ ರೆಕ್ಕೆ, ಥ್ರಾಟಲ್ ಕೊಟ್ಟು ಇಂಜಿನ್ ವೇಗ ಏರಿಸಿದ ಕೂಡಲೇ ಮೂತಿ ಎತ್ತಲು ನೋಡುತ್ತದೆ. ಆ ಕೆಳನೋಟ ಅದನ್ನು ತಡೆಯಲು.

ಒಡಲು, ರೆಕ್ಕೆ, ಬಾಲ, ಇಂಜಿನ್ ಎಲ್ಲವನ್ನೂ ಟೇಪಿನಿಂದ ಜೋಡಿಸಿ ಮೊದಲ ಸಲ ಸಮತೋಲ ನೋಡಿದ ದಿನ ಎರಡನೇ ಪೆಟ್ಟು ಬಿತ್ತು.

ಸಮತೋಲದ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ 112 ಮಿ.ಮೀ. ಹಿಂದೆ ಇರಬೇಕು, ಅಂದರೆ ಅಗಲದ 28 ಶೇಕಡಾ. ಅಲ್ಲಿ ಬೆರಳಿಟ್ಟು ಎತ್ತಿದರೆ ಬಾಲ ದೊಪ್ಪನೆ ನೆಲಕ್ಕೆ. ಮೂತಿಗೆ ಸೀಸದ ಚೂರು ಕಟ್ಟುತ್ತಾ ಹೋದೆ. 720 ಗ್ರಾಂ ಕಟ್ಟಿದ ಮೇಲೆ ಸಮವಾಯಿತು. ಪುಸ್ತಕ ತೆಗೆದು ನೋಡಿದರೆ, 8 ಕೆ.ಜಿ. ಮಿತಿ ಆಗಲೇ ದಾಟುತ್ತಿತ್ತು. ಅದೂ ಏನೂ ಕೆಲಸ ಮಾಡದ ಸೀಸಕ್ಕಾಗಿ.

ಬಾಲದ ಮರ ಸಮತೋಲದ ಬಿಂದುವಿನಿಂದ ಸುಮಾರು 1.13 ಮೀಟರ್ ಹಿಂದೆ ಇದೆ. ಸೀಸ ಕಟ್ಟಲು ಜಾಗ ಇರುವುದು ಬರೀ 40 ಸೆಂ.ಮೀ. ಮುಂದೆ. ಹತ್ತಿರ ಹತ್ತಿರ ಮೂರು ಪಟ್ಟು. ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಮೂತಿಗೆ ಮೂರು ಗ್ರಾಂ ಹಾಕಬೇಕು. ಹೀಗೆ ಬಾಲದ ಒಂದು ಗ್ರಾಂ ಒಟ್ಟು ತೂಕದಲ್ಲಿ ನಾಲ್ಕು ಗ್ರಾಂ ಆಗಿ ಕೂರುತ್ತದೆ. ನಾನು ಬಾಲವನ್ನು ಎಲ್ಲಕ್ಕಿಂತ ಮೊದಲು ಕಟ್ಟಿದ್ದೆ. ಸುಲಭ, ಕೈ ಪಳಗುತ್ತದೆ ಎಂದು. ಮುರಿಯಬಾರದು ಎಂಬ ಹೆದರಿಕೆಗೆ ಅಂಚುಗಳನ್ನೆಲ್ಲ ದಪ್ಪ ಹಲಗೆಯಿಂದ ಕತ್ತರಿಸಿದ್ದೆ. ತೂಕ 340 ಗ್ರಾಂ ಇತ್ತು. ಪುಸ್ತಕದಲ್ಲಿ ಬರೆದೂ ಇದ್ದೆ, ಅದರ ಅರ್ಥ ಆಗ ಹೊಳೆದಿರಲಿಲ್ಲ.

ಹೊಸ ಬಾಲ ಕಟ್ಟಿದೆ. ಈ ಸಲ ದುಂಡನೆಯ ಅಂಚುಗಳಿಗೆ ಪದರ ಪದರವಾಗಿ ಅಂಟಿಸುವ ದಾರಿ. 1.5 ಮಿ.ಮೀ. ದಪ್ಪದ ಬಾಲ್ಸಾ ಪಟ್ಟಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಕಾರಕ್ಕೆ ಕತ್ತರಿಸಿದ ಹಲಗೆಯ ಸುತ್ತ ಬಗ್ಗಿಸಿ ಕಟ್ಟಿಟ್ಟೆ. ಮಾರನೇ ದಿನ ಒಣಗಿದ ಮೇಲೆ ಬಿಚ್ಚಿ, ನಡುವೆ ಬಿಳಿ ಗೋಂದು ಹಚ್ಚಿ, ಮತ್ತೆ ಅದೇ ಅಚ್ಚಿಗೆ ಕಟ್ಟಿದೆ. ಅಚ್ಚಿನ ಅಂಚಿಗೆ ಮೊದಲೇ ಪ್ಲಾಸ್ಟಿಕ್ ಟೇಪು ಸುತ್ತಿರಬೇಕು, ಇಲ್ಲದಿದ್ದರೆ ಅಚ್ಚೂ ಸೇರಿ ಅಂಟುತ್ತದೆ. ಎಳೆ ಎಲ್ಲೂ ತುಂಡಾಗದೆ ಅಂಚಿನ ಸುತ್ತಲೂ ಹರಿಯುವುದರಿಂದ ಇದು ತೆಳುವಾಗಿದ್ದರೂ ಗಟ್ಟಿ. ಕೈಯಲ್ಲಿ ಹಿಡಿದಾಗ ಬೆತ್ತದ ಬುಟ್ಟಿಯ ಬಾಯಂಚಿನ ನೆನಪಾಯಿತು. ಒಳಗೆ ಹಗುರ ಗುಂಪಿನ ಕಡ್ಡಿಗಳು. ಎಲ್ಲ ಸೇರಿ 210 ಗ್ರಾಂ. 130 ಗ್ರಾಂ ಉಳಿಯಿತು, ಅದರಿಂದ ಮೂತಿಯಲ್ಲಿ 365 ಗ್ರಾಂ ಸೀಸ ಕಡಿಮೆಯಾಯಿತು.

ಇಷ್ಟಕ್ಕೇ ನಿಲ್ಲಿಸಲಿಲ್ಲ. ಬಾಲದಲ್ಲಿ ಎಡಬಲಕ್ಕೆ ತಿರುಗುವ ರಡ್ಡರ್, ಮೇಲೆ ಕೆಳಗೆ ಆಡುವ ಎಲಿವೇಟರ್ ಇವನ್ನು ಆಡಿಸುವ ಪುಟ್ಟ ಮೋಟರ್‌ಗಳಾದ ಎರಡು ಸರ್ವೋಗಳನ್ನು ಬಾಲದ ಪಕ್ಕದಲ್ಲೇ ಇಟ್ಟಿದ್ದೆ, ಒಂದೊಂದೂ 60 ಗ್ರಾಂ. ಅವನ್ನು ಕ್ಯಾಬಿನ್ನಿನ ಒಳಗೆ ತಂದೆ. ಅಲ್ಲಿಂದ ಬಾಲಕ್ಕೆ ತೆಳುವಾದ ಉಕ್ಕಿನ ತಂತಿ ಎಳೆದೆ. ರಡ್ಡರ್‌ಗೆ ಎರಡು, ಎಲಿವೇಟರ್‌ಗೆ ಎರಡು. ಒಂದು ಎಳೆದರೆ ಇನ್ನೊಂದು ಬಿಡುತ್ತದೆ. ತಂತಿ ತೀರಾ ಬಿಗಿಯಾದರೆ ಸರ್ವೋ ಸುಮ್ನೆ ಹೊರೆ ಹೊರುತ್ತದೆ, ಸಡಿಲಾದರೆ ರಡ್ಡರ್ ಅಲುಗಾಡುತ್ತದೆ. ಬೆರಳಿನಿಂದ ಮೀಟಿದರೆ ತುಸು ಓಲಾಡಬೇಕು, ಜೋತು ಬೀಳಬಾರದು. ನಿಜವಾದ ಕಬ್‌ನಲ್ಲೂ ಬಾಲವನ್ನು ಆಡಿಸುವುದು ತಂತಿಯೇ. ಈ ಬದಲಾವಣೆಯಾದ ಮೇಲೆ ಬೇಕಾದ ಸೀಸ ಬರೀ 50 ಗ್ರಾಂ. ರಿಸೀವರ್‌ನ ಎರಡು ಬ್ಯಾಟರಿಗಳನ್ನು ಮುಂದೆ ಫೈರ್‌ವಾಲ್ ಹತ್ತಿರಕ್ಕೆ ತಂದಾಗ ಅದೂ ಬೇಡವಾಯಿತು. ವಿಮಾನದಲ್ಲಿ ಈಗ ಒಂದು ಚೂರೂ ಸೀಸ ಇಲ್ಲ. ಇದರಲ್ಲಿ ನನಗೆ ಆದಷ್ಟು ಸಂತೋಷ ಹಳದಿ ಬಟ್ಟೆ ಹೊದಿಸಿದ ದಿನವೂ ಆಗಲಿಲ್ಲ.

ಇಂಜಿನ್ 30 ಸಿಸಿಯ ಎರಡು ಸ್ಟ್ರೋಕ್ ಪೆಟ್ರೋಲ್ ಇಂಜಿನ್, ಮರದ 18×8 ಇಂಚಿನ ಪ್ರೊಪೆಲ್ಲರ್. ಟ್ಯಾಂಕಿನ ಕೊಳವೆಗೆ ಸಿಲಿಕೋನ್ ಬಳಸಬಾರದು, ಪೆಟ್ರೋಲಿಗೆ ಅದು ಊದಿ ಮೆತ್ತಗಾಗುತ್ತದೆ. ಪೆಟ್ರೋಲ್ ತಾಳುವ ಕೊಳವೆಯೇ ಬೇಕು. ಸ್ಪಾರ್ಕ್ ಕೊಡುವ ಇಗ್ನಿಷನ್ ಪೆಟ್ಟಿಗೆಯನ್ನು ಮೂತಿಯಲ್ಲೇ ಇಟ್ಟು, ರಿಸೀವರನ್ನು ಅದರಿಂದ 40 ಸೆಂ.ಮೀ. ದೂರಕ್ಕೆ ಹಾಕಿದೆ. ಥ್ರಾಟಲ್‌ಗೆ ಪ್ಲಾಸ್ಟಿಕ್ ಕಡ್ಡಿ, ಲೋಹದ್ದಲ್ಲ. ಲೋಹಕ್ಕೆ ಲೋಹ ತಿಕ್ಕಿದರೆ ರೇಡಿಯೋಗೆ ತೊಂದರೆ ಆಗಬಹುದು. ಸಿಗ್ನಲ್ ಹೋದರೆ ಥ್ರಾಟಲ್ ತಾನೇ ಮುಚ್ಚುವ ಹಾಗೆ ಮಾಡಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿದೆ. ಎಂಟು ಕಿಲೋದ ವಿಮಾನ ಆಟಿಕೆಯಲ್ಲ. ಇಂಜಿನ್ ಓಡುವಾಗ ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ಬಾಲವನ್ನು ಗೂಟಕ್ಕೆ ಕಟ್ಟಿರಬೇಕು.

ಹೊದಿಕೆಗೆ ಬಿಸಿಗೆ ಬಿಗಿಯಾಗುವ ಬಟ್ಟೆ. ಕಡಿಮೆ ಬಿಸಿಯಲ್ಲಿ ಅಂಚು ಅಂಟಿಸಿ, ಆಮೇಲೆ ಬಿಸಿ ಏರಿಸಿ ಎಳೆಸುವುದು. ಮೊದಲು ಕೆಳಭಾಗ, ನಂತರ ಮೇಲ್ಭಾಗ. ಆಗ ಜೋಡಣೆಯ ಅಂಚು ಮೇಲಿನಿಂದ ಕಾಣುವುದಿಲ್ಲ. ಇಸ್ತ್ರಿಪೆಟ್ಟಿಗೆ ಹಾಕುವ ಮುನ್ನ ಮರವನ್ನು ಒದ್ದೆ ಬಟ್ಟೆಯಿಂದ ಅಲ್ಲ, ಒಣ ಬ್ರಷ್‌ನಿಂದ ಒರೆಸಿ. ಒಂದು ಕಾಳಿನಷ್ಟು ಪುಡಿ ಉಳಿದರೂ ಬಟ್ಟೆಯ ಕೆಳಗೆ ಬೊಕ್ಕೆಯಂತೆ ಕಾಣುತ್ತದೆ. ಬಟ್ಟೆ ಬಿಗಿಯಾದ ಮೇಲೆ ಮತ್ತೆ ಎರಡು ಕಡ್ಡಿ ಇಟ್ಟು ನೋಡಿದೆ. 14, 14.

ಮೊದಲ ಹಾರಾಟ ಗಾಳಿಯೇ ಇಲ್ಲದ ಒಂದು ಬೆಳಗ್ಗೆ. ತಮ್ಮನೂ ಬಂದಿದ್ದ. ಥ್ರಾಟಲ್ ನಿಧಾನವಾಗಿ ಏರಿಸಿದೆ. ಮೂತಿ ಎಡಕ್ಕೆ ಎಳೆಯಿತು, ಬಲ ರಡ್ಡರ್ ಕೊಟ್ಟೆ. ಬಾಲ ಎದ್ದಿತು. ಇನ್ನೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಥ್ರಾಟಲ್ ಇರುವಾಗಲೇ ಚಕ್ರಗಳು ನೆಲ ಬಿಟ್ಟವು. ನೇರ ಹಾರಲು ಮಾಡುವ ಸಣ್ಣ ಹೊಂದಾಣಿಕೆ, ಅಂದರೆ ಟ್ರಿಮ್, ಎಲಿವೇಟರ್‌ಗೆ ಎರಡು ಹೆಜ್ಜೆ ಕೆಳಕ್ಕೆ, ಅಷ್ಟೇ. ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಐಲರಾನ್‌ನ ಟ್ರಿಮ್ ಮುಟ್ಟಲೇ ಇಲ್ಲ. ತಿರುಗುವಾಗ ಮಾತ್ರ ಕಬ್ ತನ್ನ ಸ್ವಭಾವ ತೋರಿಸಿತು. ಬರೀ ಐಲರಾನ್ ಕೊಟ್ಟರೆ ಮೂತಿ ಮೊದಲು ಎದುರು ಕಡೆಗೆ ಹೋಗುತ್ತದೆ. ಕೆಳಗೆ ಇಳಿಯುವ ಐಲರಾನ್ ಆ ಕಡೆಯ ರೆಕ್ಕೆಯನ್ನು ಹಿಂದಕ್ಕೆ ಎಳೆಯುವುದೇ ಕಾರಣ. ಮೇಲಕ್ಕೆ 30 ಮಿ.ಮೀ., ಕೆಳಕ್ಕೆ 15 ಮಿ.ಮೀ. ಎಂದು ಮೊದಲೇ ಹೊಂದಿಸಿದ್ದೆ. ಆದರೂ ರಡ್ಡರ್ ಜೊತೆಗೆ ಬೇಕೇ ಬೇಕು. ಎರಡನ್ನೂ ಒಟ್ಟಿಗೆ ಕೊಟ್ಟಾಗ ಅದು ದೊಡ್ಡ ವಿಮಾನದ ಹಾಗೇ ತಿರುಗಿತು.

ಎತ್ತರ ಸಿಕ್ಕ ಮೇಲೆ ನಾನು ಕಾಯುತ್ತಿದ್ದ ಪರೀಕ್ಷೆ. ನೇರಕ್ಕೆ ಹಾರಿಸುತ್ತಾ, ಥ್ರಾಟಲ್ ಪೂರ್ತಿ ಇಳಿಸಿ, ಎಲಿವೇಟರ್ ಕೊಂಚ ಕೊಂಚವಾಗಿ ಎಳೆದೆ. ವೇಗ ಕಡಿಮೆಯಾಗುತ್ತಾ ಬಂತು. ವಿಮಾನ ನಿಂತೇಬಿಟ್ಟಿತೇನೋ ಅನ್ನಿಸಿತು. ಬಲ ರೆಕ್ಕೆಯ ತುದಿಯನ್ನೇ ನೋಡುತ್ತಿದ್ದೆ. ಮೂತಿ ಮೆಲ್ಲಗೆ ತಲೆಬಾಗಿಸಿ ನೇರ ಕೆಳಗೆ ಇಳಿಯಿತು, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮತ್ತೆ ಎರಡು ಸಲ ಮಾಡಿದೆ. ಮೂರೂ ಸಲ ಹಾಗೇ. ಪಕ್ಕದಲ್ಲಿ ತಮ್ಮ, "ಆ ಸೊಟ್ಟ ಈಗ ಇಲ್ವಲ್ಲ ಅಣ್ಣ" ಎಂದ.

ಒಂಬತ್ತು ನಿಮಿಷ ಹಾರಿಸಿ ಇಳಿಸಿದೆ. ಹುಲ್ಲಿನ ಮೇಲೆ ಒಂದು ಸಣ್ಣ ಜಿಗಿತ, ಆಮೇಲೆ ಓಡಿ ನಿಂತಿತು. ಇಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ನೋಡಿದಾಗ ಸೈಲೆನ್ಸರ್‌ನ ಒಂದು ಬೋಲ್ಟು ಕಾಲು ಸುತ್ತು ಸಡಿಲಾಗಿತ್ತು, ಬಾಲದ ಚಕ್ರದ ಸ್ಪ್ರಿಂಗ್ ಸ್ವಲ್ಪ ಹಿಗ್ಗಿತ್ತು. ಬೋಲ್ಟಿಗೆ ಲಾಕ್ ವಾಷರ್ ಹಾಕಿದೆ. ಸ್ಪ್ರಿಂಗ್‌ಗೆ ಇನ್ನೂ ದಪ್ಪ ತಂತಿ ಬೇಕು. ತೂಗಿ ನೋಡಿದೆ, ಹಳೆಯದಕ್ಕಿಂತ 2 ಗ್ರಾಂ ಜಾಸ್ತಿ. ಅದೂ ಬಾಲದಲ್ಲಿ. ಬ್ಯಾಟರಿಯನ್ನು ಒಂದು ಸೆಂ.ಮೀ. ಮುಂದೆ ಸರಿಸಿ ಕಟ್ಟಿದ್ದೇನೆ.